ಹನ್ನೆರಡನೇ ದಿನ

ಮೊನ್ನೆ ಬೆಳಗ್ಗೆ ಕುಶಾಲನಗರದ ನಮ್ಮ ಮನೆಯಲ್ಲಿ ಮೊಮ್ಮಗಳು ದೀಕ್ಷಾ ಅಗಸೆಬೀಜ ಹುರಿಯುತ್ತಿದ್ದಳು. ಮನೆ ತುಂಬ ಎಣ್ಣೆ ಎಣ್ಣೆ ವಾಸನೆ. ಎಂಟೂವರೆಗೆ ಶಾಲೆಯಲ್ಲಿರಬೇಕಾದ ಈ ಟೀಚರಮ್ಮ ಬಾಣಲೆಯ ಮುಂದೆ ನಿಂತು ಸೊಂಟ ಕುಣಿಸುತ್ತಿದ್ದಳು.

‘ಏನೇ ಅದು, ಹಸುವಿಗೆ ಹಿಂಡಿ ಬೇಯಿಸ್ತಿದ್ದೀಯಾ?’ ಎಂದೆ.

‘ಹಸುವಿಗಲ್ಲ ಅಜ್ಜಿ, ನಂಗೇ. ಪೀರಿಯಡ್ಸ್ ಶುರುವಾದ ಮೇಲೆ ಮೊದಲ ಹದಿನಾಲ್ಕು ದಿನ ಇದನ್ನ ತಿಂದ್ರೆ ಒಳ್ಳೇದಂತೆ. ಇವತ್ತು ನಂಗೆ ಏಳನೇ ದಿನ. ಹಾರಂಗಿವರೆಗೆ ಓಡು ಅಂದ್ರೂ ಓಡ್ತೀನಿ ನೋಡಿ!’ ಎಂದು ಫೋನು ಹಿಡಿದು ತೋರಿಸಿದಳು. ಅದರಲ್ಲಿ ಒಂದು ಗುಂಡನೆಯ ಚಕ್ರ, ಅದರ ಒಂದು ಪಾಲಿಗೆ ಎಳೆ ಹಸಿರು ಬಣ್ಣ. ಆ ಹಸಿರಿನ ದಿನಗಳಲ್ಲಿ ಮೈ ಹಗುರ, ಮನಸ್ಸು ಹಗುರ, ಹೊಸ ಕೆಲಸಕ್ಕೆ ಕೈ ಹಾಕಬಹುದು ಎಂದು ಅದು ಹೇಳುತ್ತದಂತೆ. ನಮ್ಮ ಕಾಲದಲ್ಲಿ ಮಾತಾಡಲೂ ನಾಚುತ್ತಿದ್ದ ವಿಷಯವನ್ನು ಈಗ ಫೋನೇ ಎಣಿಸಿ ಹೇಳುತ್ತದೆ.

ನಾನು ಸುಮ್ಮನೆ ಕೇಳಿದೆ. ‘ಅದು ಯಾವಾಗಿಂದ ಎಣಿಸ್ತದೆ? ಹೊರಗಾದ ದಿನದಿಂದಲಾ, ಮಿಂದ ದಿನದಿಂದಲಾ?’

ಹುಡುಗಿ ಬಿದ್ದು ಬಿದ್ದು ನಕ್ಕಳು. ‘ಅಯ್ಯೋ ಅಜ್ಜಿ, ಸ್ನಾನಕ್ಕೂ ಇದಕ್ಕೂ ಏನು ಸಂಬಂಧ?’

ಅವಳ ಜೊತೆ ನಗಲು ನೋಡಿದೆ, ಆಗಲಿಲ್ಲ. ಕೋಣೆಗೆ ಬಂದು ಮಂಚದ ಮೇಲೆ ಕೂತೆ. ಈ ಎಣಿಕೆಯ ನೆಪದಲ್ಲಿ ಒಬ್ಬಳ ಬಾಳನ್ನು ಕೆಡಿಸಿದವಳು ನಾನು. ಅದನ್ನು ನನ್ನ ಗಂಡನಿಗೂ ಹೇಳಿರಲಿಲ್ಲ, ಮಕ್ಕಳಿಗೂ ಹೇಳಿಲ್ಲ. ಎಂಬತ್ತೈದು ದಾಟಿದ ಮೇಲೆ ಇನ್ನು ಯಾರ ಹೆದರಿಕೆ? ಹಾಗಾಗಿ ಬರೆಯುತ್ತಿದ್ದೇನೆ.

ಆಗ ಕೊಡಗು ತನ್ನದೇ ಒಂದು ರಾಜ್ಯ. ಮೈಸೂರಿಗೆ ಸೇರಲು ಇನ್ನೂ ಎರಡು ವರ್ಷವಿತ್ತು. ನನಗೆ ಹದಿನಾರು. ಭಾಗಮಂಡಲದಿಂದ ಒಂದು ಗಂಟೆ ನಡೆದರೆ ನಮ್ಮ ಮನೆ. ಅಪ್ಪ ಇಲ್ಲ, ಅವ್ವನದೇ ಆಡಳಿತ. ಅಣ್ಣ ಚಿನ್ನಪ್ಪ ಅಮ್ಮತ್ತಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಅಲ್ಲಿ ಅವನಿಗೆ ಕೊಟ್ಟಿದ್ದುದು ಕೂಲಿಯವರ ಲೈನಿನ ತುದಿಯ ಒಂಟಿ ಕೋಣೆ. ಹೆಂಡತಿಯನ್ನು ಕರೆದೊಯ್ಯುವ ಹಾಗಿರಲಿಲ್ಲ. ತಿಂಗಳಿಗೊಮ್ಮೆ, ಎಸ್ಟೇಟಿನ ದೊರೆ ಮನಸ್ಸು ಮಾಡಿದರೆ, ಎರಡು ದಿನ ರಜೆ. ಅವನ ಹೆಂಡತಿ, ನನ್ನ ಅತ್ತಿಗೆ ಪೂವಮ್ಮ, ನಮ್ಮ ಜೊತೆಗೇ ಇದ್ದಳು. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಾಗಿರಲಿಲ್ಲ.

ಅತ್ತಿಗೆಗೆ ಓದು ಬರಹ ಬರುತ್ತಿರಲಿಲ್ಲ. ಕೈಕೆಲಸದಲ್ಲಿ ಮಾತ್ರ ಊರಿನಲ್ಲೇ ಅವಳ ಸಮ ಇರಲಿಲ್ಲ. ಅವಳ ತಿಂಗಳಿಗೆ ಎರಡು ಮುಖ. ಹೊರಗಾದಾಗ ಮೂರು ದಿನ ಕೊಟ್ಟಿಗೆಗೆ ತಾಗಿದ ಮಾಡಿನಲ್ಲಿ ಚಾಪೆ ಹಾಸಿಕೊಂಡು, ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಮುಖ ಮಾಡಿ ಮಲಗುವಳು. ನಾಲ್ಕನೆಯ ಬೆಳಗ್ಗೆ ಸೀಗೆ ಹಾಕಿ ತಲೆಗೆ ಮಿಂದು ಒಳಗೆ ಬಂದಳೆಂದರೆ ಅವಳು ಬೇರೆಯೇ ಹೆಂಗಸು. ಹಸಿವೆಂದರೆ ಎಂಥ ಹಸಿವು! ಬಿದಿರು ಕಣಿಲೆಯ ಸಾರಿನಲ್ಲಿ ಅಕ್ಕಿರೊಟ್ಟಿ ಅದ್ದಿ ನಾಲ್ಕು ತಿನ್ನುವಳು. ಮುಖದ ಮೇಲೆ ಹೊಳಪು. ನಾನು ಒಂದು ಮಾತು ಹೇಳಿದರೆ ಅದಕ್ಕೆ ಎರಡು ಸೇರಿಸಿ ನಗಿಸುವಳು. ಸಸಿಯ ಕಟ್ಟು ತಲೆಯ ಮೇಲೆ, ಎಲೆ ಹೆಣೆದ ಗೊರಬು ಬೆನ್ನ ಮೇಲೆ, ಸುರಿಯುವ ಮಳೆಯಲ್ಲಿ ಬದುವಿನ ಮೇಲೆ ಓಡಿಯೇ ಹೋಗುವಳು. ಹತ್ತು ಹನ್ನೆರಡು ದಿನ ಹೀಗೆ. ಆಮೇಲೆ ನಿಧಾನಕ್ಕೆ ಮಾತು ಕಡಿಮೆಯಾಗಿ, ಕಾಲು ಭಾರವಾಗಿ, ಮತ್ತೆ ಆ ಮಾಡು, ಆ ಚಾಪೆ.

‘ಮಿಂದ ಮೇಲೆ ಹತ್ತು ದಿನ ನನ್ನ ದಿನ, ಗಂಗೆ’ ಎಂದು ನನ್ನ ಹೆಸರು ಹಿಡಿದು ಹೇಳುತ್ತಿದ್ದಳು. ‘ಆ ದಿನಲಿ ನಂಗೆ ಎಂತ ಕೊಟ್ರೂ ಸೈ.’

ಕೊಟ್ಟೆವು ನಾವು. ಧಾರಾಳವಾಗಿ ಕೊಟ್ಟೆವು. ಮನೆಯ ಭಾರದ ಕೆಲಸವೆಲ್ಲ ಅತ್ತಿಗೆಯ ಆ ಹತ್ತು ದಿನಗಳಿಗೇ ಕಾದಿರುತ್ತಿತ್ತು. ಸೌದೆ ಹೊರುವುದು, ಗೊಬ್ಬರ ಹೊರುವುದು, ಭತ್ತ ಕುಟ್ಟುವುದು, ಎಲ್ಲ. ‘ಮಿಂದಾತಲ್ಲಾ? ಈಗ ಮೈಲಿ ಬಲ ಉಟ್ಟು, ಮಾಡ್ಲಿ’ ಎಂದು ಅವ್ವ ಅನ್ನುವಳು, ಮೈಯಲ್ಲಿ ಈಗ ಬಲವಿದೆ ಅಂತ. ಅವ್ವನನ್ನು ದೂರಿ ಪ್ರಯೋಜನವಿಲ್ಲ. ನಾನೂ ಅದನ್ನೇ ಮಾಡುತ್ತಿದ್ದೆ. ನನಗೆ ಕೆಸರು ಅಂದರೆ ಆಗದು, ಜಿಗಣೆ ಅಂದರೆ ಪ್ರಾಣ ಹೋಗುವುದು. ಮಳೆಗಾಲ ಬಂತೆಂದರೆ ಕಾಲ್ಬೆರಳ ಸಂದಿಯೆಲ್ಲ ಕೊಳೆತು ಉರಿ. ಅತ್ತಿಗೆಯ ಒಳ್ಳೆಯ ದಿನಗಳಲ್ಲಿ ಕುಂಟುತ್ತ ಅವಳ ಎದುರಿಗೆ ನಾಲ್ಕು ಹೆಜ್ಜೆ ನಡೆದರೆ ಸಾಕಿತ್ತು. ‘ನೀ ಇಳಿಬೇಡ ಗೂಡೆ, ನಿನ್ನ ಸಾಲೂ ನಾನೇ ಮಾಡ್ನೆ’ ಎಂದುಬಿಡುವಳು. ನಮ್ಮಲ್ಲಿ ಗೂಡೆ ಅಂದರೆ ಹುಡುಗಿ. ನಾನು ಒಲೆಯ ಬಳಿ ಕಾಲು ಚಾಚಿಕೊಂಡು, ಅಣ್ಣ ಎಸ್ಟೇಟಿನಿಂದ ತಂದ ಹಳೆಯ ಮಾಸಪತ್ರಿಕೆ ಓದುತ್ತ ಕೂರುತ್ತಿದ್ದೆ. ಶಾಲೆ ಬಿಡಿಸಿ ಒಂದು ವರ್ಷವಾಗಿತ್ತು, ಅದೇ ಒಂದು ದೊಡ್ಡ ಸಿಟ್ಟು ಬೇರೆ. ಹಾಗಾಗಿ ನನಗೆ ಇಷ್ಟು ಸುಖ ಸಲ್ಲತಕ್ಕದ್ದೇ ಅಂತ ಅಂದುಕೊಂಡಿದ್ದೆ.

ಆ ವರ್ಷ ಮಳೆ ಹಿಡಿಯುವ ಮುಂಚೆ ಅವ್ವ ಒಂದು ಮಾತು ಹೇಳಿದಳು. ಹೇಳಿದ್ದು ಅತ್ತಿಗೆಯ ಎದುರಿಗೇ, ಮಾವಿನಕಾಯಿ ಹೆಚ್ಚುತ್ತ. ‘ಕಾವೇರಿ ಸಂಕ್ರಮಣದವರೆಗೆ ನೋಡ್ನೆ. ಅಷ್ಟರೊಳಗೆ ಎಂತಾರೂ ಆದ್ರೆ ಆತ್. ಇಲ್ಲದ್ರೆ ಚಿನ್ನಪ್ಪಂಗೆ ಇನ್ನೊಂದ್ ಕಟ್ಟುದೇ.’ ಆಗ ಅದಕ್ಕೆ ಯಾರ ತಡೆಯೂ ಇರಲಿಲ್ಲ. ಚೇರಂಬಾಣೆ ಕಡೆಯ ಒಂದು ಹುಡುಗಿಯ ಮಾತು ಆಗಲೇ ನಮ್ಮ ಜಗಲಿಯವರೆಗೆ ಬಂದಾಗಿತ್ತು. ಅತ್ತಿಗೆ ಹೋಳುಗಳಿಗೆ ಉಪ್ಪು ಬೆರೆಸಿ, ಭರಣಿಗೆ ತುಂಬಿ, ಕೈ ತೊಳೆದು ಎದ್ದಳು. ಅವಳಿಗೆ ಉಳಿದದ್ದು ನಾಲ್ಕೇ ತಿಂಗಳು.

ಭಾಗಮಂಡಲಕ್ಕೆ ತಿಂಗಳಿಗೊಂದು ಸಲ ಮಡಿಕೇರಿಯಿಂದ ಬಸ್ಸಿನಲ್ಲಿ ಒಬ್ಬರು ನರ್ಸಮ್ಮ ಬರುತ್ತಿದ್ದರು. ಮಂಗಳೂರಿನ ಕಡೆಯವರು, ದಪ್ಪ ಕನ್ನಡಕ, ದೊಡ್ಡ ಬಾಯಿ. ಅತ್ತಿಗೆ ಅವರನ್ನು ಕಾಣಬೇಕೆಂದಳು, ಜೊತೆಗೆ ನನ್ನನ್ನು ಎಳೆದುಕೊಂಡು ಹೋದಳು. ಅವ್ವನಿಗೆ ನನ್ನ ಕಾಲಿನ ಮದ್ದಿಗೆ ಅಂತ ಸುಳ್ಳು ಹೇಳಿದ್ದಾಯಿತು. ನರ್ಸಮ್ಮ ಏನೇನೋ ಕೇಳಿದರು. ಅತ್ತಿಗೆ ನನ್ನ ಕಿವಿಯಲ್ಲಿ ಹೇಳುವುದು, ನಾನು ನಾಚಿಕೊಂಡು ಅವರಿಗೆ ಹೇಳುವುದು.

‘ಹೌದಾ, ಗಂಡ ತಿಂಗಳಿಗೆ ಎರಡೇ ದಿನ ಬರುವುದಾ? ಯಾವ ಎರಡು ದಿನ?’

‘ರಜೆ ಸಿಕ್ಕಿದ ದಿನ.’

‘ಎಂತ ಮಾರಾಯ್ತಿ! ಹಾಗೆ ಬಂದರೆ ಎಲ್ಲಿಂದ ಮಗು ಆಗುವುದು?’ ನರ್ಸಮ್ಮ ಹಣೆ ಬಡಿದುಕೊಂಡರು. ಆಮೇಲೆ ಬೆರಳು ಮಡಿಸಿ ಹೇಳಿದರು. ‘ಸರಿ ಕೇಳು. ಮುಟ್ಟಾದ ದಿನ ಒಂದು. ಅಲ್ಲಿಂದ ಎಣಿಸು. ಹನ್ನೊಂದು, ಹನ್ನೆರಡು, ಹದಿಮೂರು, ಹದಿನಾಲ್ಕು. ಈ ದಿನಗಳನ್ನು ಬಿಡಬೇಡ. ಗಂಡ ಹನ್ನೆರಡನೇ ದಿನಕ್ಕೆ ಬರಲಿ. ಮಿಂದ ದಿನದಿಂದ ಎಣಿಸುವುದಲ್ಲ ಮತ್ತೆ! ನಿಮ್ಮ ಕಡೆಯವರೆಲ್ಲ ಹಾಗೇ ಎಣಿಸಿ ಹಾಳಾಗುವುದು.’

ಅದು ನಿಜವೇ. ನಮ್ಮ ಮನೆಯಲ್ಲಿ, ಸುತ್ತಮುತ್ತಲ ಮನೆಗಳಲ್ಲಿ, ಹೆಂಗಸರ ದಿನ ಶುರುವಾಗುವುದೇ ತಲೆಗೆ ಮಿಂದಲ್ಲಿಂದ. ಮೊದಲ ಮೂರು ದಿನ ಎಣಿಕೆಯಲ್ಲೇ ಇಲ್ಲ. ‘ಎಷ್ಟು ದಿನ ಆತ್?’ ಅಂದರೆ ಮಿಂದು ಎಷ್ಟು ದಿನ ಆಯಿತು ಅಂತಲೇ ಅರ್ಥ.

ನರ್ಸಮ್ಮ ಇನ್ನೊಂದು ಮಾತನ್ನೂ ಹೇಳಿದ್ದರು. ‘ಮಿಂದ ಮೇಲೆ ಮೈಗೆ ಹುರುಪು ಬರುತ್ತದಲ್ಲ, ಅದು ಗದ್ದೆಗೆ ಸುರಿಯಲಿಕ್ಕೆ ಅಲ್ಲ, ತಿಳಿಯಿತಾ? ಹೆಸರುಕಾಳು ತಿನ್ನು, ಸೊಪ್ಪು ತಿನ್ನು, ಮೊಟ್ಟೆ ಸಿಕ್ಕಿದರೆ ತಿನ್ನು. ಭಾರ ಹೊರಬೇಡ. ನೀನು ಗಟ್ಟಿ ಇದ್ದರೆ ಮಗುವೂ ಗಟ್ಟಿ.’ ಇದನ್ನು ಕೇಳಿಸಿಕೊಂಡವರು ನಾವಿಬ್ಬರೇ. ಮನೆಗೆ ಹೋಗಿ ಅವ್ವನಿಗೆ ಹೇಳಬಹುದಿತ್ತು. ಅತ್ತಿಗೆಗೆ ಧೈರ್ಯವಿರಲಿಲ್ಲ. ನನಗೆ ಧೈರ್ಯವಿತ್ತು, ಆದರೆ ಹೇಳಿದರೆ ಗದ್ದೆಗೆ ಇಳಿಯಬೇಕಾದವಳು ನಾನು. ಹೇಳಲಿಲ್ಲ.

ದಾರಿಯಲ್ಲಿ ಅತ್ತಿಗೆ ಬೆರಳು ಮಡಿಸಿ ಮಡಿಸಿ ಎಣಿಸಿದಳು. ಮನೆಗೆ ಬಂದವಳೇ ಮಾಡಿನ ಮೂಲೆಯಲ್ಲಿ ಒಂದು ತೆಂಗಿನ ಚಿಪ್ಪು ಇಟ್ಟಳು. ಹೊರಗಾದ ದಿನದಿಂದ ದಿನಕ್ಕೊಂದು ಹುಣಸೆಬೀಜ ಅದರಲ್ಲಿ. ಕಾಗದ ಬರೆಯುವುದು ನನ್ನ ಕೆಲಸ. ಎಸ್ಟೇಟಿನಲ್ಲಿ ಕಾಗದ ಯಾರ ಕೈಗೆ ಸಿಗುವುದೋ ಅಂತ, ‘ಅವ್ವನಿಗೆ ಹುಷಾರಿಲ್ಲ, ಇಂಥ ತಾರೀಕಿಗೆ ಬಾ’ ಎಂದು ಬರೆಯುವುದೆಂದು ಅಣ್ಣನ ಜೊತೆ ಮಾತಾಗಿತ್ತು. ಅವ್ವ ಕಲ್ಲುಗುಂಡಿನ ಹಾಗಿದ್ದಳು ಪಾಪ, ಕಾಗದದಲ್ಲಿ ತಿಂಗಳು ತಿಂಗಳು ಹಾಸಿಗೆ ಹಿಡಿದಳು. ಅದನ್ನು ಬರೆಯುವಾಗ ನಾವಿಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದೆವು.

ಮೊದಲ ತಿಂಗಳು ಅಣ್ಣ ಸರಿಯಾದ ದಿನಕ್ಕೇ ಹೊರಟ. ಮಡಿಕೇರಿ ದಾಟಿ ಬರುವಾಗ ರಸ್ತೆಗೆ ಗುಡ್ಡ ಜಾರಿತ್ತು. ಬಸ್ಸು ಅಲ್ಲಿಂದಲೇ ತಿರುಗಿತು. ಎರಡು ದಿನ ಮಡಿಕೇರಿಯಲ್ಲಿ ಕಾದು ಅವನೂ ತಿರುಗಿ ಹೋದ. ಅತ್ತಿಗೆ ಆ ಎರಡು ದಿನ ಒಳ್ಳೆಯ ಸೀರೆಯುಟ್ಟು ದಾರಿಗೆ ಅಡ್ಡ ಹಾಕಿದ ಉಣಗೋಲಿನವರೆಗೆ ಹೋಗುವುದು, ಬರುವುದು. ‘ಮಳೆ ಮಾಡ್ದಕ್ಕೆ ಯಾರ್ ಎಂತ ಮಾಡಕ್ಕಾದೆ’ ಎಂದು ತಾನೇ ಸಮಾಧಾನ ಹೇಳಿಕೊಂಡಳು. ಮೂರು ತಿಂಗಳು ಉಳಿಯಿತು.

ಎರಡನೆಯದು ಆಟಿ ತಿಂಗಳು. ಕೊಡವರು ಕಕ್ಕಡ ಅನ್ನುತ್ತಾರೆ. ಹಗಲು ರಾತ್ರಿ ಒಂದೇ ಸಮ ಮಳೆ. ಮದ್ದುಸೊಪ್ಪಿನ ಪಾಯಸ ಉಂಡು ಎರಡು ದಿನವಾಗಿತ್ತೇನೋ, ಅತ್ತಿಗೆ ಮಿಂದು ಒಳಗೆ ಬಂದಳು. ಆ ಸಲ ಅವಳನ್ನು ನೋಡಬೇಕಿತ್ತು. ನರ್ಸಮ್ಮ ಹೇಳಿದಂತೆ ಕದ್ದು ಮುಚ್ಚಿ ಹೆಸರುಕಾಳು ನೆನೆಹಾಕಿ ತಿಂದಿದ್ದಳು. ಮೈ ತುಂಬಿಕೊಂಡಿತ್ತು. ಕೆನ್ನೆಗೆ ಬಣ್ಣ ಬಂದಿತ್ತು. ಜಡೆ ಹೆಣೆಯುತ್ತ ನನ್ನ ಹತ್ತಿರ ಬಂದು ಕೂತು, ‘ಗಂಗೆ, ಈ ಸರ್ತಿ ಆದೆ. ನಂಗೆ ಗೊತ್ತಾದೆ. ನನ್ನ ಮೈ ಹೇಳ್ದೆ’ ಅಂದಳು. ಈ ಸಲ ನಿಲ್ಲುತ್ತದೆ ಎಂದು ಅವಳಿಗೆ ಅಷ್ಟು ನಂಬಿಕೆ. ನಾನು ಅವಳನ್ನು ಅಷ್ಟು ಚೆನ್ನಾಗಿ ಯಾವತ್ತೂ ನೋಡಿರಲಿಲ್ಲ.

‘ಹನ್ನೆರಡನೇ ದಿನಕ್ಕೆ ಬರೊಕು ಅಂತ ಬರೆ’ ಅಂದಳು. ‘ಹೊರಗಾದಲ್ಲಿಂದ ಹನ್ನೆರಡ್. ಮರೀಬೇಡ.’

ಮರೆಯುವುದೇನು ಬಂತು. ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ನೋಡಿದೆ. ಹನ್ನೆರಡನೇ ದಿನ ಸೋಮವಾರ. ಬೆರಳು ಅಲ್ಲೇ ನಿಂತಿತು. ಯಾಕೆಂದರೆ ಅವತ್ತೇ ಬೆಳಗ್ಗೆ ಅವ್ವ ಹೇಳಿದ್ದಳು, ದೊಡ್ಡ ಗದ್ದೆಯ ನಾಟಿ ಸೋಮವಾರದಿಂದ, ಮೂರು ದಿನ. ಮನೆಯ ಹೆಂಗಸರೆಲ್ಲ ಇಳಿಯಬೇಕು. ನಮ್ಮಲ್ಲಿ ಒಂದು ರೂಢಿಯಿತ್ತು. ದೂರದಲ್ಲಿರುವ ಗಂಡ ಮನೆಗೆ ಬಂದರೆ, ಅವನು ಹೊರಡುವವರೆಗೆ ಹೆಂಡತಿ ಗದ್ದೆಗೆ ಇಳಿಯುವುದಿಲ್ಲ. ಅವ್ವನಿಗೆ ಎಷ್ಟು ಸಿಟ್ಟಿದ್ದರೂ ಆ ರೂಢಿ ಮೀರುತ್ತಿರಲಿಲ್ಲ. ಅಣ್ಣ ಸೋಮವಾರ ಬಂದರೆ ಅತ್ತಿಗೆ ಮನೆಯಲ್ಲಿ, ನನ್ನ ಸಾಲು ನನಗೆ, ಅತ್ತಿಗೆಯ ಸಾಲೂ ನನಗೆ. ಮೂರು ದಿನ ಮೊಣಕಾಲುದ್ದ ಕೆಸರು, ಬೆನ್ನ ಮೇಲೆ ಮಳೆ, ಕಾಲ ಸಂದಿಯಲ್ಲಿ ಉರಿ, ಜಿಗಣೆ.

ಜಗಲಿಯ ಅಂಚಿನಲ್ಲಿ ಕೂತು ಕಾಗದ ಬರೆದೆ. ಎಷ್ಟು ಹೊತ್ತು ಯೋಚಿಸಿದೆ ಅಂತ ಕೇಳಿದರೆ, ಹೆಚ್ಚು ಹೊತ್ತೇನಿಲ್ಲ. ಒಂದು ಲೋಟ ಕಾಫಿ ಆರುವಷ್ಟು ಹೊತ್ತು. ನಮ್ಮ ರೂಢಿಯ ಲೆಕ್ಕದಲ್ಲಿ, ಮಿಂದು ಹನ್ನೆರಡು ದಿನ ತುಂಬುವುದು ಶುಕ್ರವಾರ ಎಂದು ನನಗೆ ಹೊಳೆಯಿತು. ಶುಕ್ರವಾರದ ತಾರೀಕು ಬರೆದೆ. ನಾಲ್ಕು ದಿನದಲ್ಲಿ ಏನು ಮಹಾ ಹೋಗುತ್ತದೆ ಅಂದುಕೊಂಡೆ. ನರ್ಸಮ್ಮ ಬಿಡಿಸಿ ಬಿಡಿಸಿ ಹೇಳಿದ್ದು ಕಿವಿಯಲ್ಲಿ ಇದ್ದೇ ಇತ್ತು. ಆದರೂ ಬರೆದೆ. ಅತ್ತಿಗೆ ಪಕ್ಕದಲ್ಲೇ ಕೂತು ನನ್ನ ಪೆನ್ಸಿಲ್ಲನ್ನು ನೋಡುತ್ತಿದ್ದಳು. ‘ಬರ್ದಾತಾ?’ ಎಂದಳು. ‘ಆತ್’ ಎಂದೆ. ಅವಳಿಗೆ ಅಕ್ಷರ ಬರುತ್ತಿದ್ದರೆ ನನ್ನ ಕೈ ಹಿಡಿಯುತ್ತಿದ್ದಳು.

ಸೋಮವಾರ ಅಣ್ಣ ಬರಲಿಲ್ಲ. ಬೆಳಗ್ಗೆ ಎದ್ದು ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಅವ್ವ ‘ನಿಂತ್ಕಂಡ್ ಎಂತ ನೋಡಿಯ? ಗದ್ದೆ ಕಾಯ್ತುಟ್ಟು’ ಎಂದಳು. ನಾನು ಎರಡು ಹೆಜ್ಜೆ ಕುಂಟಿದೆ. ಅತ್ತಿಗೆ ನನ್ನ ಕಾಲು ನೋಡಿ ಗೊರಬು ತೆಗೆದುಕೊಂಡು ಹೋದಳು. ಮಂಗಳವಾರವೂ ಅಷ್ಟೆ, ಬುಧವಾರವೂ ಅಷ್ಟೆ. ಜಗಲಿಯಿಂದ ನೋಡಿದರೆ ದೊಡ್ಡ ಗದ್ದೆ ಕಾಣುತ್ತಿತ್ತು. ಉಳಿದ ಹೆಂಗಸರು ಹಿಂದೆ ಬಿದ್ದಿದ್ದರು, ಅತ್ತಿಗೆ ಒಬ್ಬಳೇ ಮುಂದೆ. ಎರಡಾಳಿನ ಸಾಲನ್ನು ಒಬ್ಬಳೇ ನೆಡುತ್ತಿದ್ದಳು. ಆಗಾಗ ಬೆನ್ನು ನೆಟ್ಟಗೆ ಮಾಡಿ ದಾರಿಯ ಕಡೆ ನೋಡುವಳು. ಮತ್ತೆ ಬಾಗುವಳು. ನಾನು ಒಳಗೆ ಹೋಗಿ ಪತ್ರಿಕೆ ಹಿಡಿದೆ, ಒಂದು ಸಾಲೂ ತಲೆಗೆ ಹೋಗಲಿಲ್ಲ. ಆದರೂ ಎದ್ದು ಗದ್ದೆಗೆ ಹೋದೆನಾ? ಹೋಗಲಿಲ್ಲ. ನನ್ನ ಮೇಲೆ ನನಗೆ ಅಸಹ್ಯ ಬರುವುದು ಇಲ್ಲಿಯೇ. ತಪ್ಪು ತಾರೀಕು ಬರೆದದ್ದಕ್ಕಿಂತಲೂ, ಆ ಮೂರು ದಿನ ಒಲೆಯ ಮುಂದೆ ಬೆಚ್ಚಗೆ ಕೂತಿದ್ದೆನಲ್ಲ, ಅದಕ್ಕೆ.

ಶುಕ್ರವಾರ ಸಂಜೆ ಅಣ್ಣ ಬಂದ, ತೊಪ್ಪೆಯಾಗಿ, ನಗುತ್ತ. ಅತ್ತಿಗೆ ಅವನನ್ನು ನೋಡಿ ನಗಲಿಲ್ಲ. ನೇರ ಮಾಡಿಗೆ ಹೋಗಿ ಚಿಪ್ಪು ತಂದು ಬೀಜ ಸುರಿದು ಎಣಿಸಿದಳು. ಹದಿನಾರು. ಇನ್ನೊಮ್ಮೆ ಎಣಿಸಿದಳು. ಅಣ್ಣನ ನಗು ಇಳಿಯಿತು. ‘ಕಾಗದಲಿ ಶುಕ್ರವಾರ ಅಂತಲೇ ಇತ್ತ್. ಯಾರ್ ತಾರೀಕ್ ಹಾಕ್ದ್?’ ಎಂದು ನನ್ನ ಕಡೆ ತಿರುಗಿದ. ದೊರೆ ಈ ರಜೆ ಕೊಡುವಾಗಲೇ, ನಿನ್ನ ಅವ್ವ ಇನ್ನು ಕಾಫಿ ಕೊಯ್ಲು ಮುಗಿಯುವವರೆಗೆ ಹುಷಾರಾಗಿರಲಿ ಎಂದು ಹೇಳಿ ಕಳಿಸಿದ್ದನಂತೆ. ಅಣ್ಣನ ಧ್ವನಿ ಏರಿತು. ‘ನಿಂಗೆ ಓದಿಸ್ದು ಇದಕ್ಕೇನಾ?’

ಆ ಕ್ಷಣ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

‘ಅತ್ತಿಗೆ ಹೇಳ್ದಂಗೆ ಬರ್ದೆ. ಮಿಂದಲ್ಲಿಂದ ಹನ್ನೆರಡ್ ಅಂತ ಅವೇ ಹೇಳ್ದ್.’

ಅತ್ತಿಗೆ ನನ್ನನ್ನೇ ನೋಡಿದಳು. ‘ನಾ ಹಂಗೆ ಹೇಳ್ದೆನಾ?’ ಎಂದಳು. ಕೋಪದಿಂದ ಕೇಳಿದ್ದಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು. ನಾನು ‘ಹೂಂ’ ಎಂದೆ. ಅವಳು ಬೀಜಗಳನ್ನು ಒಂದೊಂದಾಗಿ ಹೆಕ್ಕಿ ಚಿಪ್ಪಿಗೆ ಹಾಕುತ್ತ, ‘ಇರ್ದು. ಹುಟ್ಟಿದಲ್ಲಿಂದ ಹಂಗೇ ಎಣ್ಸಿ ರೂಢಿ. ಬಾಯಿ ತಪ್ಪಿ ಹೇಳ್ದೆ ಕಾಣ್ತದೆ’ ಎಂದಳು. ಅಣ್ಣ ಅವಳ ಮೇಲೆ ಹರಿಹಾಯ್ದ. ದಿನ ಎಣಿಸಲೂ ಬರದ ಹೆಂಗಸು ಅಂದ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ನಾನೂ ಕೇಳಿಸಿಕೊಂಡೆ.

ಆಮೇಲಿನದು ಬೇಗ ಮುಗಿಯಿತು. ಮೂರನೆಯ ತಿಂಗಳು ಅಣ್ಣನಿಗೆ ರಜೆ ಸಿಗಲಿಲ್ಲ. ನಾನು ಸರಿಯಾದ ತಾರೀಕು ಬರೆದಿದ್ದೆ, ಅಕ್ಷರ ದಪ್ಪ ಮಾಡಿ ಎರಡೆರಡು ಸಲ ಬರೆದಿದ್ದೆ. ಯಾರಿಗೆ ಬೇಕಿತ್ತು ಆಗ? ಅತ್ತಿಗೆ ಮಿಂದು ಬಂದರೂ ಆ ಹಳೆಯ ಹುರುಪು ಬರಲಿಲ್ಲ. ನಾಟಿಯ ಮಳೆ ಅವಳ ಎದೆಗೆ ಕೂತು ಕೆಮ್ಮು ಹಿಡಿದಿತ್ತು. ರೊಟ್ಟಿ ಒಂದಕ್ಕೆ ಇಳಿದಿತ್ತು. ಆ ಸಲ ಗದ್ದೆಯ ಕಳೆ ತೆಗೆಯಲು ನಾನೇ ಹೋದೆ. ‘ಎಂತ ಗೂಡೆ, ಬುದ್ಧಿ ಬಂತಾ?’ ಎಂದು ಅವ್ವ ತಮಾಷೆ ಮಾಡಿದಳು. ನಾಲ್ಕನೆಯ ತಿಂಗಳು ಅಣ್ಣ ಹೇಗೋ ಬಂದ. ಆದರೆ ಅಷ್ಟರಲ್ಲಿ ಅವ್ವ ಚೇರಂಬಾಣೆಯ ಹುಡುಗಿಯನ್ನು ನೋಡಿ ಮಾತು ಕೊಟ್ಟಾಗಿತ್ತು. ಅಣ್ಣ ಅದಕ್ಕೆ ಬೇಡ ಅನ್ನಲಿಲ್ಲ. ಜಗಲಿಯಲ್ಲೇ ಚಾಪೆ ಹಾಕಿ ಮಲಗಿ, ಎರಡು ದಿನ ಕಳೆದು ಹೋದ.

ಸಂಕ್ರಮಣದ ಹಿಂದಿನ ದಿನ ಅತ್ತಿಗೆ ಹೊರಟಳು. ತವರಿಗೆ ಅಂತ ಹೇಳಿದಳು, ಹೋದದ್ದು ಮಡಿಕೇರಿಗೆ, ಆ ನರ್ಸಮ್ಮನ ಹತ್ತಿರ. ಅವರು ಅಲ್ಲಿ ಒಂದು ಸಣ್ಣ ಹೆರಿಗೆ ಮನೆ ಇಟ್ಟಿದ್ದರು. ಹೊರಡುವಾಗ ನನ್ನ ಕೆನ್ನೆ ಸವರಿ, ‘ಕಾಲಿಗೆ ಅರಿಶಿನ ಹಚ್ಚು, ಮರೀಬೇಡ’ ಎಂದಳು. ಅವಳ ಕೈ ಕೊರಡಿನ ಹಾಗೆ ಒರಟಾಗಿತ್ತು. ನಾನು ಅತ್ತೆ. ಅತ್ತಿಗೆ ಹೋಗುತ್ತಾಳೆ ಅಂತ ಅಳುತ್ತಾಳೆ ಎಂದು ಎಲ್ಲರೂ ತಿಳಿದರು. ಹೊಸ ಅತ್ತಿಗೆ ಬಂದಳು. ಒಳ್ಳೆಯವಳೇ, ಅವಳ ಮೇಲೆ ನನಗೆ ಒಂದು ಮಾತಿಲ್ಲ. ವರ್ಷ ತುಂಬುವುದರೊಳಗೆ ಗಂಡು ಹೆತ್ತಳು, ಆಮೇಲೆ ಇನ್ನಿಬ್ಬರು. ತೊಟ್ಟಿಲು ತೂಗಲು ಕರೆದಾಗಲೆಲ್ಲ ನನಗೆ ಕೈ ಬರುತ್ತಿರಲಿಲ್ಲ. ಅಣ್ಣನಲ್ಲಿ ಕೊರತೆಯಿಲ್ಲ ಎಂದಾಯಿತಲ್ಲ. ಹಾಗಾದರೆ ಆ ಆಟಿಯ ಸೋಮವಾರ ಅವನು ಬಂದಿದ್ದರೆ? ಖಂಡಿತ ಆಗುತ್ತಿತ್ತು ಅಂತ ಯಾರು ಹೇಳಿಯಾರು. ಆಗುತ್ತಿರಲಿಲ್ಲ ಅಂತಲೂ ಯಾರೂ ಹೇಳಲಾರರು. ನಾನು ಅದನ್ನು ಯೋಚಿಸದ ಆಟಿ ತಿಂಗಳು ಇಲ್ಲ.

ನನಗೂ ಮದುವೆಯಾಯಿತು. ಕೊಡಗು ಮೈಸೂರಿಗೆ ಸೇರಿ ಎರಡು ವರ್ಷಕ್ಕೆ ಚೊಚ್ಚಲ ಬಸುರಿ. ನೋವು ಶುರುವಾಗಿ ಎರಡು ದಿನವಾದರೂ ಹೆರಿಗೆಯಾಗದಿದ್ದಾಗ, ಗಂಡನ ಮನೆಯವರು ಜೀಪಿನಲ್ಲಿ ಹಾಕಿಕೊಂಡು ನರ್ಸಮ್ಮನ ಹೆರಿಗೆ ಮನೆಗೆ ಒಯ್ದರು. ಬಾಗಿಲಲ್ಲಿ ಬಿಳಿ ಸೀರೆಯುಟ್ಟು ನಿಂತವಳು ಪೂವಮ್ಮ ಅತ್ತಿಗೆ. ಅಲ್ಲಿ ಆಯಾ ಆಗಿದ್ದಳು. ತೆಳ್ಳಗಾಗಿದ್ದಳು, ಮತ್ತೆ ಮದುವೆಯಾಗಿರಲಿಲ್ಲ. ‘ಅಯ್ಯೋ ನನ್ನ ಗಂಗೆ!’ ಎಂದು ಓಡಿ ಬಂದಳು. ಆ ದಿನವೆಲ್ಲ ನನ್ನ ಸೊಂಟ ತಿಕ್ಕಿದಳು, ನನ್ನ ಬೈಗುಳ ತಿಂದಳು, ಕೈ ಕೊಟ್ಟಳು. ಆ ಕೈಯನ್ನು ನಾನು ಉಗುರು ನೆಡುವಂತೆ ಹಿಡಿದಿದ್ದೆ. ಹೆಣ್ಣು ಮಗು ಹುಟ್ಟಿತು. ಮೊದಲು ಎತ್ತಿಕೊಂಡವಳೂ ಅವಳೇ.

ಮೂರನೆಯ ಬೆಳಗ್ಗೆ ನನ್ನನ್ನು ಮೀಯಿಸಲು ಕೂರಿಸಿದಳು. ಹಂಡೆಯ ತುಂಬ ಕುದಿನೀರು, ಅದರಲ್ಲಿ ಸೊಪ್ಪು. ಬೆನ್ನಿಗೆ ಎಣ್ಣೆ ತಿಕ್ಕಿ, ಚೊಂಬಿನಲ್ಲಿ ನೀರು ತೋಡಿ, ಬಿಸಿ ಹದ ನೋಡಿ ಹುಯ್ಯುತ್ತಿದ್ದಳು. ಇಬ್ಬರೇ ಇದ್ದೆವು. ಆಗ ಅವಳು ನಿಧಾನಕ್ಕೆ ಹೇಳಿದಳು.

‘ಗಂಗೆ, ನಿಂಗೆ ಒಂದ್ ಮಾತ್ ಹೇಳೊಕು ಅಂತ ಎಷ್ಟೋ ದಿನ ಇತ್ತ್. ಆ ಆಟಿಲಿ ನಾ ತಪ್ಪು ದಿನ ಹೇಳಿ ನಿನ್ನ ಕೈಲಿ ಬರೆಸ್ದೆ. ನಿನ್ನ ಅಣ್ಣ ನಿಂಗೂ ಬೈದ. ನೀ ನಂಗೋಸ್ಕರ ತಿಂಗಳು ತಿಂಗಳು ಕಾಗದ ಬರ್ದ ಗೂಡೆ. ಅದನ್ನ ನೆನ್ಸಿರೆ ಈಗಲೂ ನಂಗೆ ಬೇಜಾರ್ ಆದೆ.’

ಇದೊಂದು ಮಾತನ್ನು ಅವಳು ನನಗೆ ಹೇಳಬಾರದಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

‘ನೀವು ಸರಿಯಾಗೇ ಹೇಳ್ದ್ ಅತ್ತಿಗೆ’ ಎಂದೆ. ‘ಹೊರಗಾದಲ್ಲಿಂದ ಹನ್ನೆರಡ್ ಅಂತಲೇ ಹೇಳ್ದ್. ನಾನೇ ಬೇರೆ ತಾರೀಕ್ ಹಾಕ್ದೆ.’

ನೀರು ಹುಯ್ಯುವುದು ನಿಂತಿತು. ನನಗೆ ಹಿಂದೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

‘ಮರ್ತು ಹಾಕ್ದಾ?’

‘ಇಲ್ಲೆ. ಗೊತ್ತಿದ್ದೇ.’

‘ಎಂತಕೆ?’

ಎಷ್ಟು ವರ್ಷ ಯೋಚಿಸಿದ್ದೆ, ಆ ‘ಎಂತಕೆ’ಗೆ ಹೇಳಲು ಏನಾದರೂ ದೊಡ್ಡದೊಂದು ಕಾರಣ ಸಿಗಬಹುದೇನೋ ಅಂತ. ಸಿಗಲಿಲ್ಲ.

‘ದೊಡ್ಡ ಗದ್ದೆಗೆ ಇಳಿಯಕ್ಕೆ ನಂಗೆ ಮನಸ್ಸಿರ್ಲಿಲ್ಲೆ’ ಎಂದೆ.

ಚೊಂಬು ಹಂಡೆಗೆ ಮುಳುಗಿದ ಸದ್ದು ಕೇಳಿತು. ‘ಕಣ್ಣು ಮುಚ್ಚು’ ಎಂದಳು. ಉಳಿದ ನೀರನ್ನೆಲ್ಲ, ಒಂದು ಚೊಂಬೂ ಬಿಡದೆ, ಹದ ನೋಡಿ ನೋಡಿ ಹುಯ್ದಳು. ತಲೆ ಒರೆಸಿ, ಬಟ್ಟೆ ಸುತ್ತಿ, ಮಂಚದ ಮೇಲೆ ಮಲಗಿಸಿ, ಮಗುವನ್ನು ಪಕ್ಕಕ್ಕೆ ಇಟ್ಟು ಹೋದಳು.

ಮರುದಿನ ನನ್ನನ್ನು ಮೀಯಿಸಲು ಬೇರೊಬ್ಬ ಆಯಾ ಬಂದಳು. ಮುಂದಿನ ಆರು ದಿನವೂ ಅವಳೇ ಬಂದಳು. ಮಗುವನ್ನು ಮಾತ್ರ ದಿನಾ ಬೆಳಗ್ಗೆ ಅತ್ತಿಗೆಯೇ ಎತ್ತಿಕೊಂಡು ಹೋಗಿ, ಮೀಯಿಸಿ, ಧೂಪ ಹಾಕಿ, ಬೊಟ್ಟಿಟ್ಟು ತಂದು, ನನ್ನ ಮುಖ ನೋಡದೆ ಮಲಗಿಸಿ ಹೋಗುತ್ತಿದ್ದಳು.